ಆ ಒಂದು ಹೈಡ್ರೋಜನ್ ಎಲ್ಲಿ ಹೋಯಿತು?

ನಮಸ್ಕಾರ.

ನೀವು ಮೊಳಕಾಲ್ಮೂರಿನಿಂದ ಕಳಿಸಿದ ‘ಔಷಧದ ಹರಳುಗಳು’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ನಮ್ಮ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಆದರೆ ವಿಷಯ ಬಿಡಬೇಡಿ. ಟ್ರೈಮೆಥೊಪ್ರಿಮ್ ಎಂಬ ಸೋಂಕಿನ ಔಷಧ ಮತ್ತು ಬೆಂಜೋಯಿಕ್ ಆಮ್ಲ ಸೇರಿ ಆಗುವ ಲವಣದ ಬಗ್ಗೆ ಕನ್ನಡದಲ್ಲಿ ಬರೆಯಲು ಕೂತಿದ್ದೀರಲ್ಲ, ಅದೇ ನನಗೆ ತುಂಬಾ ಖುಷಿ. ನಾನೂ ದಾವಣಗೆರೆಯಲ್ಲಿ ಹದಿನೈದು ವರ್ಷ ರಸಾಯನಶಾಸ್ತ್ರ ಪಾಠ ಮಾಡಿ ಈ ಕೆಲಸಕ್ಕೆ ಬಂದವನು. ಅದಕ್ಕೇ ಸ್ವಲ್ಪ ಬಿಚ್ಚಿ ಹೇಳುತ್ತೇನೆ.

ಮೊದಲ ಪುಟವನ್ನು ನಮ್ಮಲ್ಲಿ ಪುಟ ಜೋಡಿಸುವ ಹುಡುಗನಿಗೆ ಓದಲು ಕೊಟ್ಟೆ. ‘ಸರ್, ಔಷಧಕ್ಕೆ ಉಪ್ಪು ಹಾಕ್ತಾರಾ?’ ಎಂದು ಕೇಳಿದ. ತಪ್ಪು ಅವನದಲ್ಲ. ಲವಣ ಎಂದರೆ ಏನೆಂದು ನೀವು ಎಲ್ಲೂ ಹೇಳಿಲ್ಲ. ಆಮ್ಲವು ತನ್ನ ಒಂದು ಹೈಡ್ರೋಜನ್ನನ್ನು, ಅದರ ಎಲೆಕ್ಟ್ರಾನ್ ತಾನೇ ಇಟ್ಟುಕೊಂಡು, ಔಷಧದ ಅಣುವಿಗೆ ಕೊಡುತ್ತದೆ. ಕೊಟ್ಟದ್ದಕ್ಕೆ ಋಣ ಆವೇಶ, ಪಡೆದದ್ದಕ್ಕೆ ಧನ ಆವೇಶ. ಎರಡೂ ಒಂದನ್ನೊಂದು ಸೆಳೆದು ಹರಳಾಗುತ್ತವೆ. ಇಷ್ಟು ಸಾಕಿತ್ತು, ಅಲ್ವಾ?

ನಿಮ್ಮ ಲೇಖನದ ಜೀವ ಇರುವುದು ನಾಲ್ಕನೇ ಪುಟದ ಕೋಷ್ಟಕದಲ್ಲಿ. ಆಮ್ಲದ ತುದಿಯ ಇಂಗಾಲಕ್ಕೂ ಅದರ ಎರಡು ಆಮ್ಲಜನಕಗಳಿಗೂ ಇರುವ ದೂರ ಕೊಟ್ಟಿದ್ದೀರಿ. ಎರಡೂ ಹೆಚ್ಚುಕಡಿಮೆ 1.25 ಆಂಗ್‌ಸ್ಟ್ರಮ್ (ಮೀಟರಿನ ಸಾವಿರ ಕೋಟಿಯಲ್ಲಿ ಒಂದು ಪಾಲು ಒಂದು ಆಂಗ್‌ಸ್ಟ್ರಮ್). ಅಷ್ಟು ಬರೆದು ಮುಂದೆ ಹೋಗಿಬಿಟ್ಟಿದ್ದೀರಿ! ಓದುಗರನ್ನು ಅಲ್ಲೇ ನಿಲ್ಲಿಸಬೇಕಿತ್ತು. ಈ ದೂರಗಳನ್ನು ಅಳೆಯುವುದು ಹರಳಿಗೆ ಎಕ್ಸ್-ರೇ ಹಾಯಿಸಿ. ಎಕ್ಸ್-ರೇ ಕಿರಣಗಳು ಚದುರುವುದು ಎಲೆಕ್ಟ್ರಾನ್‌ಗಳಿಂದ. ಹೈಡ್ರೋಜನ್ ಬಳಿ ಇರುವುದು ಒಂದೇ ಎಲೆಕ್ಟ್ರಾನ್. ಹಾಗಾಗಿ ಅದು ಮಸುಕಾಗಿ ಕಾಣುತ್ತದೆ. ಎಲ್ಲಿ ಕೂತಿದೆ ಎಂದು ಗಟ್ಟಿಯಾಗಿ ಹೇಳುವುದು ಕಷ್ಟ. ಆಗ ಅಕ್ಕಪಕ್ಕದವರನ್ನು ಕೇಳಬೇಕು. ಹೈಡ್ರೋಜನ್ ಆಮ್ಲದಲ್ಲೇ ಇದ್ದಿದ್ದರೆ ಒಂದು ದೂರ ಸುಮಾರು 1.21, ಇನ್ನೊಂದು ಸುಮಾರು 1.31 ಇರುತ್ತಿತ್ತು. ಎರಡೂ ಸಮ ಆಗಿವೆ ಎಂದರೆ ಅದು ಮನೆ ಬಿಟ್ಟಿದೆ. ಔಷಧದ ಕಡೆ ನೋಡಿ: ಅದನ್ನು ಪಡೆದ ಸಾರಜನಕದ ಬಳಿ ಕೋನ ಸ್ವಲ್ಪ ಅಗಲವಾಗಿದೆ. ಎರಡು ಸಾಕ್ಷಿಗಳದ್ದೂ ಒಂದೇ ಮಾತು. ಲೇಖನ ಇಲ್ಲಿಂದಲೇ ಶುರುವಾಗಲಿ.

‘ಹರಳಿನ ಹೈಡ್ರೋಜನ್ ಬಂಧಗಳೇ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತವೆ’ ಎಂಬ ಸಾಲು ತಪ್ಪು. ದಯವಿಟ್ಟು ತೆಗೆಯಿರಿ. ಹೊಟ್ಟೆಯಲ್ಲಿ ಹರಳು ಕರಗುತ್ತದೆ, ಅಣುಗಳು ಬೇರೆಬೇರೆಯಾಗುತ್ತವೆ. ಮಾತ್ರೆ ಎಷ್ಟು ಬೇಗ ಕರಗುತ್ತದೆ, ಇಟ್ಟಲ್ಲೇ ತೇವ ಹೀರುತ್ತದೆಯೇ ಎನ್ನುವುದಕ್ಕೆ ಹರಳಿನ ಕಟ್ಟು ಮುಖ್ಯ. ಆದರೆ ಆ ತಪ್ಪು ಸಾಲಿನ ಪಕ್ಕದಲ್ಲೇ ಒಂದು ದೊಡ್ಡ ನಿಜ ಇದೆ. ಲವಣದಲ್ಲಿ ಔಷಧದ ಎರಡು ಸಾರಜನಕಗಳು ತಮ್ಮ ಹೈಡ್ರೋಜನ್‌ಗಳನ್ನು ಕೈಯಂತೆ ಚಾಚಿ ಆಮ್ಲದ ಎರಡು ಆಮ್ಲಜನಕಗಳನ್ನು ಹಿಡಿಯುತ್ತವೆ. ಈ ಹಿಡಿತಕ್ಕೇ ಹೈಡ್ರೋಜನ್ ಬಂಧ ಎನ್ನುವುದು. ಎಂಟು ಪರಮಾಣುಗಳ ಉಂಗುರ ಆಗುತ್ತದೆ. ಬ್ಯಾಕ್ಟೀರಿಯಾ ಫೋಲೇಟ್ ಎಂಬ ಬಿ ವಿಟಮಿನ್ ಬಳಸಿಕೊಳ್ಳಲು ಬೇಕಾದ ಕಿಣ್ವವನ್ನು ಟ್ರೈಮೆಥೊಪ್ರಿಮ್ ಕಟ್ಟಿಹಾಕುವಾಗಲೂ ಇದೇ ಹಿಡಿತ! ಇ. ಕೋಲೈ ಎಂಬ ಕರುಳಿನ ಬ್ಯಾಕ್ಟೀರಿಯಾದ ಕಿಣ್ವದಲ್ಲಿ ಬೆಂಜೋಯಿಕ್ ಆಮ್ಲದ ಜಾಗದಲ್ಲಿ ಇರುವುದು ಕಿಣ್ವದ ಅಮೈನೋ ಆಮ್ಲಗಳ ಸರಪಳಿಯಲ್ಲಿ 27ನೇ ಕೊಂಡಿಯಾದ ಆಸ್ಪಾರ್ಟಿಕ್ ಆಮ್ಲ. ಇದನ್ನು ನೆನೆದರೆ ನನಗೆ ಈಗಲೂ ಮೈ ಜುಂ ಎನ್ನುತ್ತದೆ. ನಿಮ್ಮ ಲೇಖನದಲ್ಲಿ ಇದರ ಸುಳಿವೇ ಇಲ್ಲ.

ಹರಳನ್ನು ಚಿತ್ರದುರ್ಗದ ಕೋಟೆಗೆ ಹೋಲಿಸಿದ್ದೀರಿ. ಕೋಟೆಯ ಮೇಲೆ ನನಗೂ ಅಭಿಮಾನ ಇದೆ. ಆದರೆ ಅದರ ಗೋಡೆ ಬಂಡೆ ಹೋದ ಕಡೆ ತಿರುಗುತ್ತದೆ, ಹರಳಿನಲ್ಲಿ ಒಂದೇ ಅಚ್ಚು ಮತ್ತೆ ಮತ್ತೆ ಬರುತ್ತದೆ. ಮನೆಯಲ್ಲಿ ರೇಷ್ಮೆ ಮಗ್ಗ ಇದೆ ಎಂದು ಪತ್ರದ ಕೊನೆಯಲ್ಲಿ ಬರೆದಿದ್ದೀರಲ್ಲ, ಅದನ್ನು ಯಾಕೆ ಬಿಟ್ಟಿರಿ? ಸೀರೆಯಲ್ಲಿ ಬುಟ್ಟಾ ಒಂದೇ ಅಂತರಕ್ಕೆ ಬರುವುದನ್ನು ಚಿಕ್ಕಂದಿನಿಂದ ನೋಡಿದ್ದೀರಿ. ಒಂದು ಬುಟ್ಟಾ, ಅದರ ಸುತ್ತ ಬಿಟ್ಟ ಜಾಗ, ಎರಡೂ ಸೇರಿದರೆ ಅದೇ ಘಟಕ ಕೋಶ, ಅಂದರೆ ಮತ್ತೆ ಮತ್ತೆ ಬರುವ ಆ ಒಂದು ಅಚ್ಚು. ಸೀರೆಯಲ್ಲಿ ಅದು ಎರಡು ದಿಕ್ಕಿಗೆ ಹರಡುತ್ತದೆ, ಹರಳಿನಲ್ಲಿ ಮೂರು ದಿಕ್ಕಿಗೆ. ಇದನ್ನು ನಿಮ್ಮಷ್ಟು ಚೆನ್ನಾಗಿ ನಾನು ಬರೆಯಲಾರೆ.

ಎಕ್ಸ್-ರೇಯಿಂದ ಹರಳಿನ ಕಟ್ಟು ತಿಳಿಯುವ ದಾರಿ ತೋರಿಸಿದ ಬ್ರ್ಯಾಗ್ ತಂದೆ-ಮಗನ 1915ರ ನೊಬೆಲ್ ಕಥೆಗೆ ಒಂದೂವರೆ ಪುಟ ಜಾಸ್ತಿ ಆಯಿತು. ಒಂದು ಸಾಲಿನಲ್ಲಿ ಮುಗಿಸಿ.

ಮತ್ತೆ ಬರೆದು ಕಳಿಸಿ, 900 ಪದದೊಳಗೆ ಇರಲಿ. ಕೋಷ್ಟಕ ಬೇಡ. ಎಂಟರ ಉಂಗುರದ ಚಿತ್ರವನ್ನು ಕೈಯಲ್ಲೇ ಬಿಡಿಸಿ. ಮನೆ ಬಿಟ್ಟು ಬಂದ ಆ ಹೈಡ್ರೋಜನ್‌ಗೆ ಮಾತ್ರ ಕೆಂಪು ಬಣ್ಣ ಹಾಕಿ.