ಮಾತು ಬಾರದ ಮಗುವಿನ ನೋವಿಗೆ ಅಂಕ ಕೊಡುವುದು ಹೇಗೆ?

ನಿಮ್ಮ ಏಳು ತಿಂಗಳ ಮಗನಿಗೆ ಮಂಗಳೂರಿನಲ್ಲಿ ತೊಡೆಸಂದಿನ ಹರ್ನಿಯಾದ ಶಸ್ತ್ರಚಿಕಿತ್ಸೆಯಾದ ದಿನ ದಾದಿಯೊಬ್ಬರು ಅವನನ್ನು ಸ್ವಲ್ಪ ಹೊತ್ತು ನೋಡಿ, ಹಾಳೆಯಲ್ಲಿ ‘ನೋವು: 5’ ಎಂದು ಬರೆದು ಔಷಧ ಕೊಟ್ಟರೆಂದೂ, ಅವನ ಅಜ್ಜಿ ಮಾತ್ರ ಅದು ಹಸಿವಿನ ಅಳು ಎಂದರೆಂದೂ ಬರೆದಿದ್ದೀರಿ. ಮಾತೇ ಬಾರದ ಮಗುವಿನ ನೋವಿಗೆ ಅಂಕ ಕೊಡುವುದು ಬರಿಯ ಊಹೆಯಲ್ಲವೇ ಎಂಬುದು ನಿಮ್ಮ ಪ್ರಶ್ನೆ. ನಾನು ಮಂಗಳೂರಿನಲ್ಲೇ ಮಕ್ಕಳ ಶಸ್ತ್ರಚಿಕಿತ್ಸಾ ವಾರ್ಡಿನ ದಾದಿ. ಇದು ನನ್ನ ನಿತ್ಯದ ಕೆಲಸ.

ಅದು ಊಹೆಯಲ್ಲ, ಆದರೆ ಜ್ವರವನ್ನು ಅಳೆದಂತೆ ಅಳೆದದ್ದೂ ಅಲ್ಲ. ಆ ದಾದಿ ಬಳಸಿದ್ದು ಬಹುಶಃ 1997ರಲ್ಲಿ ಅಮೆರಿಕದ ಮಿಶಿಗನ್‌ನಿಂದ ಪ್ರಕಟವಾದ ‘ಫ್ಲ್ಯಾಕ್’ ಎಂಬ ಮಾನಕವನ್ನು. ಎರಡು ತಿಂಗಳಿನಿಂದ ಏಳು ವರ್ಷದವರೆಗಿನ ಮಕ್ಕಳಿಗಾಗಿ ರೂಪಿಸಿದ ಇದರಲ್ಲಿ ಮುಖ, ಕಾಲು, ಮೈಯ ಚಲನೆ, ಅಳು, ಸಮಾಧಾನಕ್ಕೆ ಬಗ್ಗುವಿಕೆ ಎಂಬ ಐದನ್ನು ನೋಡಿ ಒಂದೊಂದಕ್ಕೂ ಸೊನ್ನೆಯಿಂದ ಎರಡರವರೆಗೆ ಅಂಕ ಕೊಡುತ್ತೇವೆ. ಆಗಾಗ ಹುಬ್ಬು ಗಂಟಿಕ್ಕಿದರೆ ಒಂದು, ಗದ್ದ ನಡುಗುತ್ತ ದವಡೆ ಬಿಗಿದೇ ಇದ್ದರೆ ಎರಡು. ಕಾಲು ಚಡಪಡಿಸಿದರೆ ಒಂದು, ಹೊಟ್ಟೆಯ ಕಡೆಗೆ ಸೆಳೆದುಕೊಂಡರೆ ಅಥವಾ ಒದೆದರೆ ಎರಡು. ಒಟ್ಟು ಹತ್ತರಲ್ಲಿ ಮೂರರವರೆಗೆ ಅಲ್ಪ ನೋವು, ನಾಲ್ಕರಿಂದ ಆರು ಮಧ್ಯಮ, ಅದಕ್ಕಿಂತ ಮೇಲೆ ತೀವ್ರ ಎಂದು ಪರಿಗಣಿಸುತ್ತೇವೆ.

ಅಂಕಕ್ಕಿಂತ ನೋಡುವ ಕ್ರಮ ಮುಖ್ಯ. ಎಚ್ಚರವಿರುವ ಮಗುವನ್ನು ಒಂದೆರಡು ನಿಮಿಷವಾದರೂ, ನಿದ್ರಿಸುತ್ತಿರುವ ಮಗುವನ್ನು ಇನ್ನೂ ಹೆಚ್ಚು ಹೊತ್ತು, ಹೊದಿಕೆ ಸರಿಸಿ ಕಾಲು ಮತ್ತು ಮೈ ಕಾಣುವಂತೆ ನೋಡಬೇಕು. ನಮ್ಮ ಊರಿನ ಮಳೆಗಾಲದಲ್ಲಿ ಮಕ್ಕಳನ್ನು ಕುತ್ತಿಗೆಯವರೆಗೆ ಬಟ್ಟೆಯಲ್ಲಿ ಸುತ್ತಿಟ್ಟಿರುತ್ತಾರೆ. ಬಿಚ್ಚಲು ಹೇಳಿದರೆ ಮನೆಯವರಿಗೆ ಶೀತವಾದೀತೆಂಬ ಆತಂಕ. ಆದರೂ ಬಿಚ್ಚಲೇಬೇಕು, ಏಕೆಂದರೆ ಕಾಲಿನ ಬಿಗಿತವೂ ಬೆನ್ನು ಬಿಲ್ಲಿನಂತೆ ಬಾಗುವುದೂ ಬಟ್ಟೆಯ ಮೇಲಿನಿಂದ ಕಾಣಿಸುವುದಿಲ್ಲ. ನಮ್ಮ ವಾರ್ಡಿನ ತಾಯಂದಿರು ತುಳು, ಕೊಂಕಣಿ, ಬ್ಯಾರಿ, ಮಲಯಾಳ ಹೀಗೆ ತಮ್ಮ ತಮ್ಮ ಭಾಷೆಗಳಲ್ಲಿ ಮಗುವಿನ ಕಷ್ಟವನ್ನು ವಿವರಿಸುತ್ತಾರೆ. ಆದರೆ ಒತ್ತಿ ಮುಚ್ಚಿದ ಕಣ್ಣು, ಉಬ್ಬಿದ ಹುಬ್ಬು, ಮೂಗಿನಿಂದ ಬಾಯಿಯ ಅಂಚಿಗೆ ಇಳಿಯುವ ಗೆರೆ ಯಾವ ಮನೆಯ ಮಗುವಿನಲ್ಲೂ ಒಂದೇ.

ಇನ್ನು ಅಜ್ಜಿಯ ಮಾತು. ಅದನ್ನು ನಾನು ತಳ್ಳಿಹಾಕುವುದಿಲ್ಲ. ಅರಿವಳಿಕೆಗಾಗಿ ಗಂಟೆಗಟ್ಟಲೆ ಹಾಲಿಲ್ಲದೆ ಇದ್ದ ಮಗು ಹಸಿದಿರುತ್ತದೆ. ಅರಿವಳಿಕೆ ಇಳಿಯುವಾಗಿನ ತಳಮಳಕ್ಕೂ, ಮುಖವಾಡ ಹಾಕಿದ ಅಪರಿಚಿತರ ಭಯಕ್ಕೂ ಇದೇ ಅಂಕ ಏರಬಹುದು. ಆದ್ದರಿಂದ ಒಂದೇ ಸಲ ಬರೆದ 5ಕ್ಕೆ ಅಷ್ಟು ಅರ್ಥವಿಲ್ಲ. ವೈದ್ಯರ ಅನುಮತಿಯಿದ್ದರೆ ಎದೆಹಾಲು ಕುಡಿಸಿ, ಎತ್ತಿಕೊಂಡು, ಮತ್ತೆ ನೋಡಬೇಕು. ಅಂಕ ಒಂದಕ್ಕೆ ಇಳಿದರೆ ಅಜ್ಜಿ ಹೇಳಿದ್ದು ಸರಿ ಇರಬಹುದು. ಹಾಗೆಂದು ಅಲ್ಲಿಗೇ ಬಿಡುವಂತಿಲ್ಲ. ಎದೆಹಾಲೂ ತಾಯಿಯ ಅಪ್ಪುಗೆಯೂ ನೋವನ್ನೂ ತಗ್ಗಿಸುತ್ತವೆ. ಹೊಟ್ಟೆ ತುಂಬಿದ ಮೇಲೂ ಕಾಲು ಸೆಳೆದುಕೊಂಡು ನರಳಿದರೆ ಅದನ್ನು ನೋವೆಂದೇ ಹಿಡಿದು ಔಷಧ ಕೊಡುತ್ತೇವೆ. ಬಾಯಿಯ ಮೂಲಕ ಕೊಟ್ಟಿದ್ದರೆ ಸುಮಾರು ಒಂದು ಗಂಟೆಯೊಳಗೆ ಪುನಃ ಅಂಕ ಬರೆಯುತ್ತೇವೆ. ಈ ಮಾನಕದ ನಿಜವಾದ ಉಪಯೋಗ ಅದೇ ಮಗುವಿನ ಮೊದಲಿನ ಮತ್ತು ಅನಂತರದ ಸ್ಥಿತಿಯನ್ನು ಹೋಲಿಸುವುದರಲ್ಲಿದೆ. ‘ಇದು ಅವನ ಯಾವತ್ತಿನ ಅಳು ಅಲ್ಲ’ ಎಂದು ತಾಯಿ ಹೇಳಿದರೆ, ಹಾಳೆಯಲ್ಲಿ ಎರಡೇ ಅಂಕ ಬಂದಿದ್ದರೂ ನಾನು ವೈದ್ಯರನ್ನು ಕರೆಯುತ್ತೇನೆ.

ಹಸಿವಿನ ಅಳುವನ್ನು ನೋವೆಂದು ತಿಳಿಯುವುದಕ್ಕಿಂತ, ಅಳದ ಮಗುವಿಗೆ ನೋವಿಲ್ಲ ಎಂದು ನಂಬುವುದು ಅಪಾಯಕಾರಿ. ಅವಧಿಗೆ ಮುನ್ನ ಹುಟ್ಟಿದ ಮಗುವಿಗೆ, ತುಂಬಾ ಬಳಲಿದ ಮಗುವಿಗೆ ಅಳಲು ಶಕ್ತಿಯೇ ಇರುವುದಿಲ್ಲ. ಅದು ಸುಮ್ಮನೆ ಸೊರಗಿ ಮಲಗಿರುತ್ತದೆ. ಅದಕ್ಕಾಗಿಯೇ ಅವಧಿಗೆ ಮುನ್ನ ಹುಟ್ಟಿದ ಶಿಶುಗಳಿಗೆ 1996ರಲ್ಲಿ ಪ್ರಕಟವಾದ ‘ಪಿಪ್’ ಎಂಬ ಬೇರೆ ಮಾನಕವಿದೆ. ಅದು ಮುಖದ ಚಹರೆಯ ಜೊತೆಗೆ ಹೃದಯ ಬಡಿತ, ರಕ್ತದ ಆಮ್ಲಜನಕಗಳನ್ನೂ ಗಣಿಸುತ್ತದೆ, ಮತ್ತು ಎಷ್ಟು ವಾರಕ್ಕೆ ಹುಟ್ಟಿದ ಮಗು ಎಂಬುದನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. 1980ರ ದಶಕದವರೆಗೂ ನವಜಾತ ಶಿಶುಗಳಿಗೆ ನೋವು ಅಷ್ಟಾಗಿ ತಿಳಿಯದೆಂದು ನಂಬಿ, ಸಾಕಷ್ಟು ನೋವುನಿವಾರಕವಿಲ್ಲದೆ ಶಸ್ತ್ರಚಿಕಿತ್ಸೆ ಮಾಡುತ್ತಿದ್ದುದುಂಟು. ಭಾರತ ಮೂಲದ ವೈದ್ಯ ಕನ್ವಲ್‌ಜೀತ್ ಆನಂದ್ ಮತ್ತು ಸಹೋದ್ಯೋಗಿಗಳು 1987ರಲ್ಲಿ ಪ್ರಕಟಿಸಿದ ಸಂಶೋಧನೆ, ಫೆಂಟನಿಲ್ ಎಂಬ ಪ್ರಬಲ ನೋವುನಿವಾರಕ ಪಡೆದ ಅಕಾಲಿಕ ಶಿಶುಗಳಲ್ಲಿ ಒತ್ತಡದ ಹಾರ್ಮೋನುಗಳೂ ಶಸ್ತ್ರಚಿಕಿತ್ಸೆಯ ಅನಂತರದ ತೊಡಕುಗಳೂ ಕಡಿಮೆ ಎಂದು ತೋರಿಸಿತು. ಇದನ್ನು ಓದಿದಾಗಲೆಲ್ಲ ಆ ಮಕ್ಕಳನ್ನು ನೆನೆದು ಸಂಕಟವಾಗುತ್ತದೆ.

ಮನೆಯಲ್ಲಿ ನೀವು ಅಂಕ ಬರೆಯಬೇಕಿಲ್ಲ. ಆ ಐದನ್ನು ಗಮನಿಸಿದರೆ ಸಾಕು. ಔಷಧದ ವಿಷಯದಲ್ಲಿ ಒಂದು ಎಚ್ಚರಿಕೆ: ಪ್ಯಾರಸಿಟಮಾಲ್ ಡ್ರಾಪ್ಸ್‌ನ 1 ಮಿ.ಲೀ.ನಲ್ಲಿ ಸಾಮಾನ್ಯವಾಗಿ 100 ಮಿ.ಗ್ರಾಂ ಇದ್ದರೆ, ಸಿರಪ್‌ನ 5 ಮಿ.ಲೀ.ನಲ್ಲಿ 120 ಅಥವಾ 250 ಮಿ.ಗ್ರಾಂ ಇರುತ್ತದೆ. ಒಂದರ ಅಳತೆಯಲ್ಲಿ ಇನ್ನೊಂದನ್ನು ಕೊಡಬಾರದು. ಮಗುವಿನ ತೂಕ ನೋಡಿ ವೈದ್ಯರು ಬರೆದ ಬಾಟಲಿಯನ್ನೇ, ಬರೆದ ಪ್ರಮಾಣದಲ್ಲೇ ಬಳಸಿ. ಔಷಧ ಕೊಟ್ಟ ಮೇಲೂ ಅಳು ತಗ್ಗದಿದ್ದರೆ, ಹಸಿರು ವಾಂತಿಯಾದರೆ, ತೊಡೆಸಂದಿನಲ್ಲಿ ಗಟ್ಟಿಯಾದ ಊತ ಕಂಡರೆ, ಜ್ವರ ಬಂದರೆ, ಹಾಲು ಬಿಟ್ಟು ಮಂಕಾಗಿ ಮಲಗಿದರೆ ಬೆಳಗಾಗಲೆಂದು ಕಾಯಬೇಡಿ. ನೀವು ಕಾರ್ಕಳದವರೆಂದು ಬರೆದಿದ್ದೀರಿ. ಶಸ್ತ್ರಚಿಕಿತ್ಸೆ ನಡೆದ ಮಂಗಳೂರಿಗೇ ಬರಬೇಕೆಂದಿಲ್ಲ, ಉಡುಪಿ ಅಥವಾ ಮಣಿಪಾಲದ ತುರ್ತು ವಿಭಾಗಕ್ಕೆ ಡಿಸ್ಚಾರ್ಜ್ ಹಾಳೆಯೊಂದಿಗೆ ಕೂಡಲೇ ಕರೆದುಕೊಂಡು ಹೋಗಿ.