ಕಡಲಂಚಿನ ಸಾರ್ವಜನಿಕ ನಡಿಗೆ ದಾರಿ ಮಾಡುವಾಗ ಖರ್ಚು ಕೈಮೀರದಂತೆ ನೋಡಿಕೊಳ್ಳುವುದು ಹೇಗೆ?

ಮೊದಲ ಉಪಾಯ, ಆದಷ್ಟು ಕಡಿಮೆ ಕಟ್ಟುವುದು. ತಮಾಷೆ ಅಲ್ಲ. 2012ರಲ್ಲಿ ತೆರೆದ ವೇಲ್ಸ್ ಕರಾವಳಿ ದಾರಿ ಸುಮಾರು 1,400 ಕಿ.ಮೀ. ಉದ್ದ. ಅಷ್ಟನ್ನೂ ಹೊಸದಾಗಿ ಹಾಕಿದ್ದಲ್ಲ. ಪೆಂಬ್ರೋಕ್‌ಶೈರ್‌ನಲ್ಲಿ 1970ರಿಂದಲೇ ಇದ್ದ ದಾರಿಯನ್ನು ಹಾಗೇ ಸೇರಿಸಿಕೊಂಡರು.

ಕ್ಯಾಲಿಫೋರ್ನಿಯಾದ ಡೆವಿಲ್ಸ್ ಸ್ಲೈಡ್ ಎಂಬ ಕಡಲಂಚಿನ ಜಾಗದ ಉದಾಹರಣೆ ಇದಕ್ಕಿಂತಲೂ ಚೆನ್ನಾಗಿದೆ. ಅಲ್ಲಿ ಗುಡ್ಡ ಕುಸಿದು ಹೆದ್ದಾರಿ ಪದೇಪದೇ ಬಂದ್ ಆಗುತ್ತಿತ್ತು. 2013ರಲ್ಲಿ ಆ ರಸ್ತೆಯ ಬದಲು ವಾಹನಗಳಿಗೆ ಸುರಂಗ ತೆರೆಯಿತು. ಮರುವರ್ಷ ಹಳೇ ಡಾಂಬರು ರಸ್ತೆಯ ಸುಮಾರು 2 ಕಿ.ಮೀ. ನಡೆಯುವವರಿಗೆ, ಸೈಕಲ್‌ನವರಿಗೆ ಸಿಕ್ಕಿತು. ರಸ್ತೆ ರೆಡಿ ಇತ್ತಲ್ವಾ!

ದುಡ್ಡು ನುಂಗುವುದು ಮಣ್ಣಿನ ದಾರಿಯಲ್ಲ. ಸೇತುವೆ, ಮೆಟ್ಟಿಲು, ಜೌಗಿನ ಮೇಲಿನ ಹಲಗೆ ದಾರಿ, ತಡೆಗೋಡೆ. ಹಳ್ಳ ದಾಟುವ ಬದಲು ಸ್ವಲ್ಪ ಸುತ್ತು ಹಾಕಿದರೆ ಒಂದು ಸೇತುವೆ ಉಳಿಯುತ್ತದೆ. ಗಾಡಿ ಹೋಗದ ಜಾಗವಾದರೆ ಕಲ್ಲಿಗಿಂತ ಅದನ್ನು ಹೊರುವ ಕೂಲಿಯೇ ಜಾಸ್ತಿ. ಟೆಂಡರ್‌ಗೆ ಮುಂಚೆ ಇಂಜಿನಿಯರ್ ಇಡೀ ದಾರಿ ನಡೆದು ನೋಡಲಿ, ಮಳೆಗಾಲದಲ್ಲೂ ಒಮ್ಮೆ.

ಕಡಲ ಕೊರೆತಕ್ಕೆ ಇಂಗ್ಲೆಂಡಿನವರ ಉಪಾಯ ನನಗೆ ಇಷ್ಟ. ಅಂಚು ಕುಸಿದರೆ ದಾರಿಯನ್ನು ಒಳಗೆ ಸರಿಸಲು ಮೊದಲೇ ಅನುಮತಿ ಪಡೆದಿರುತ್ತಾರೆ. ಸುಮ್ನೆ ಸಮುದ್ರದ ಜೊತೆ ಗೋಡೆ ಕಟ್ಟಿ ಗುದ್ದಾಡುವುದಿಲ್ಲ.

ಇನ್ನು ಬೋಲ್ಟ್, ಮೊಳೆ. ಇಲ್ಲಿ ಮಾತ್ರ ಜಿಪುಣತನ ಬೇಡ. ಉಪ್ಪುಗಾಳಿಗೆ ಸಾದಾ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ, ಆಮೇಲೆ ಒಳ್ಳೇ ಹಲಗೆಯನ್ನೂ ಕಿತ್ತು ಹಾಕಬೇಕಾಗುತ್ತದೆ.