ಅರ್ಥಧಾರಿ ಅಂತರ್ಮುಖಿ ಆಗಬಾರದಾ?

ಶಿರಸಿ ಕಡೆ ತಾಳಮದ್ದಳೆಯಲ್ಲಿ ಗಂಟೆಗಟ್ಟಲೆ ಅರ್ಥ ಹೇಳುವ ನಿಮಗೆ ವ್ಯಕ್ತಿತ್ವದ ಬಗೆ ಹೇಳುವ ಎಂಬಿಟಿಐ ಪರೀಕ್ಷೆ ‘ಐ’, ಅಂದರೆ ಅಂತರ್ಮುಖಿ, ಅಂದಿದೆ. ಇದು ತಪ್ಪಲ್ವಾ ಅಂತ ಕೇಳಿದ್ದೀರಿ. ತಪ್ಪೇ ಇರಬೇಕು ಅಂತೇನಿಲ್ಲ.

ನಾಚಿಕೆ ಬೇರೆ, ಅಂತರ್ಮುಖಿ ಆಗಿರುವುದು ಬೇರೆ. 1921ರಲ್ಲಿ ಅಂತರ್ಮುಖಿ, ಬಹಿರ್ಮುಖಿ ಅನ್ನುವ ಎರಡು ಬಗೆಗಳನ್ನು ವಿವರಿಸಿದ ಸ್ವಿಸ್ ಮನೋವೈದ್ಯ ಕಾರ್ಲ್ ಯೂಂಗ್ ಯಾರು ಎಷ್ಟು ಮಾತಾಡ್ತಾರೆ ಅಂತ ಎಣಿಸಲಿಲ್ಲ. ಮನಸ್ಸು ಹೊರಗಿನ ಜನ, ಸಂಗತಿಗಳ ಕಡೆ ಓಡುತ್ತದಾ, ಒಳಗಿನ ಯೋಚನೆ ಕಡೆ ತಿರುಗುತ್ತದಾ ಅಂತ ನೋಡಿದರು.

ನಮ್ಮ ಭಾವನೂ ಅರ್ಥಧಾರಿ. ಕೌರವನಾಗಿ ಕೂತರೆ ಎದುರಿನವರಿಗೆ ಬಾಯಿ ತೆರೆಯಲು ಬಿಡುವುದಿಲ್ಲ. ಪ್ರಸಂಗ ಮುಗಿದು ಎಲ್ಲರೂ ಹರಟೆಗೆ ಕೂತಾಗ ಮಾತ್ರ ಕಷಾಯದ ಲೋಟ ಹಿಡಿದು ಜಗಲಿ ತುದಿಯಲ್ಲಿ ಸುಮ್ನೆ ಕೂತಿರುತ್ತಾರೆ. ಮರುದಿನ ಬೆಳಿಗ್ಗೆ ಅಡಿಕೆ ತೋಟಕ್ಕೆ ಒಬ್ಬರೇ. ಅದು ಸಿಟ್ಟಲ್ಲ, ದಣಿವಾರಿಸಿಕೊಳ್ಳುವ ರೀತಿ. ಕೂಟದಲ್ಲಿ ಪಾತ್ರವಿದೆ, ಪದ್ಯವಿದೆ, ಮಾತಿಗೊಂದು ಸರದಿಯಿದೆ. ಹರಟೆಯಲ್ಲಿ ಅದೇನೂ ಇಲ್ಲ, ಅಲ್ವಾ?

ಇನ್ನು, ಎಂಬಿಟಿಐ ಎಲ್ಲರನ್ನೂ ‘ಐ’ ಇಲ್ಲವೇ ‘ಇ’ (ಬಹಿರ್ಮುಖಿ) ಅನ್ನುವ ಎರಡೇ ಡಬ್ಬಿಗೆ ಹಾಕುತ್ತದೆ. ವ್ಯಕ್ತಿತ್ವವನ್ನು ಐದು ಗುಣಗಳಲ್ಲಿ ಅಳೆಯುವ ಬಿಗ್ ಫೈವ್ ಮಾದರಿಯಲ್ಲಿ ಇದೊಂದು ಅಳತೆಪಟ್ಟಿಯ ಹಾಗೆ, ಜಾಸ್ತಿ ಜನ ನಡುವೆಯೇ ಬರುತ್ತಾರೆ. ನಿಮ್ಮ ಅಂಕ ಗಡಿಯ ಹತ್ತಿರ ಇದ್ದರೆ ಮುಂದಿನ ಸಲ ಅಕ್ಷರವೇ ಬದಲಾಗಬಹುದು. ಕೂಟ ಮುಗಿದ ಮೇಲೆ ನಿಮಗೆ ಏನು ಬೇಕೆನಿಸುತ್ತದೆ? ಅದನ್ನು ಬರೆಯಿರಿ.